ಮನೆ ನೋಡುವ ಶಾಸ್ತ್ರ

ಜೂನ್ 1, ಭಾನುವಾರ

ನಿವೃತ್ತಿಯಾದ ಮೇಲೆ ದಿನಚರಿ ಬರೆಯುವುದನ್ನು ಬಿಟ್ಟಿದ್ದೆ. ಸೊಪ್ಪಿನವಳು ಬಂದಳು, ನಲ್ಲಿಯಲ್ಲಿ ನೀರು ಬಂತು ಎಂದು ಎಷ್ಟು ದಿನ ಬರೆಯುವುದು? ಇವತ್ತು ಬರೆಯದಿದ್ದರೆ ತಲೆ ಸಿಡಿಯುತ್ತದೆ, ಅದಕ್ಕೇ ಕೂತಿದ್ದೇನೆ.

ಶ್ವೇತ ಗೋವಾದಿಂದ ಬಂದು ಎರಡು ದಿನ ಇದ್ದು, ಬೆಳಗಿನ ರೈಲಿಗೆ ಹೊರಟಳು. ಹೊರಡುವ ಮುಂಚೆ ಅಡುಗೆಮನೆಗೆ ಬಂದು ಹೇಳಿದಳು. ಅವಳು ಫಿಸಿಯೋ ಆಗಿರುವ ಫುಟ್‌ಬಾಲ್ ಕ್ಲಬ್ಬಿನಲ್ಲಿ ಸ್ಪೇನಿನವನೊಬ್ಬ ಎರಡು ವರ್ಷ ಆಡಿದನಂತೆ. ಹೆಸರು ಎಲೋಯ್. ಮಂಡಿ ಹಾಳಾಗಿ ಈ ಏಪ್ರಿಲ್‌ಗೆ ಆಟ ನಿಲ್ಲಿಸಿದ್ದಾನೆ. ಆ ಮಂಡಿ ಸರಿಮಾಡಲು ಹೋಗಿ ಇವಳ ಮನಸ್ಸು ಅಲ್ಲೇ ನಿಂತಿದೆ. ಅವನ ಊರಿನ ಹಳೆಯ ಕ್ಲಬ್ಬಿನಲ್ಲಿ ಮಕ್ಕಳಿಗೆ ಆಟ ಕಲಿಸುವ ಕೆಲಸ ಸಿಕ್ಕಿದೆಯಂತೆ. ಮದುವೆಯಾಗಿ ಸೆಪ್ಟೆಂಬರಿಗೆ ಅಲ್ಲಿಗೆ ಹೋಗುವ ಯೋಚನೆ.

"ನೀನು ಬೇಡ ಅಂದ್ರೆ ಆಗಲ್ಲ ಅಮ್ಮ. ಆದ್ರೆ ಆಮೇಲೆ ಬೇರೆ ಯಾರ್ನೂ ತೋರಿಸ್ಬೇಡ" ಎಂದಳು. ಮೂವತ್ತು ದಾಟಿದ ಮಗಳು. ಬೈಯೋಣವೆಂದರೆ ಬಾಯಿ ಬರಲಿಲ್ಲ. ಆಷಾಢ ಹುಟ್ಟುವುದರೊಳಗೆ ಹೇಳುತ್ತೇನೆ ಎಂದೆ. ಆಷಾಢದಲ್ಲಿ ಒಳ್ಳೆಯ ಮಾತು ಆಡುವ ಹಾಗಿಲ್ಲ, ಅದು ಕಳೆದರೆ ಅವನು ಹೊರಡುವ ಹೊತ್ತು ಬಂದಿರುತ್ತದೆ. ಇವರನ್ನು ಕೇಳಿದರೆ, "ನೀನ್ ಒಪ್ಕಂಡ್ರೆ ನಂದೇನಿಲ್ಲ ಕಣೆ" ಎಂದು ನನ್ನ ತಲೆಗೆ ಕಟ್ಟಿ, ಬಾಳೆತೋಟ ನೋಡಲು ದೇವನೂರಿಗೆ ಹೊರಟುಬಿಟ್ಟರು. ಎಷ್ಟೇ ಆಗಲಿ ಬಸವಯ್ಯನವರಲ್ಲವೇ, ಕಷ್ಟದ ಹೊತ್ತಿಗೆ ಬಾಳೆಗಿಡದ ಮರೆ.

ಶ್ವೇತ ಒಂದು ತಗಡಿನ ಡಬ್ಬಿ ಇಟ್ಟುಹೋಗಿದ್ದಾಳೆ. ಅವನ ತಾಯಿ ತನ್ನ ಕೈಯಾರೆ ಮಾಡಿ ಕಳಿಸಿದ ಜೇನು ಬಾದಾಮಿ ಮಿಠಾಯಿ. ಅವರ ಕಡೆ ಅದಕ್ಕೆ ಮೊಟ್ಟೆಯ ಬಿಳಿ ಹಾಕುತ್ತಾರಂತೆ. ನಾವು ತಿನ್ನುವುದಿಲ್ಲ ಎಂದು ತಿಳಿದು ಮೊಟ್ಟೆ ಬಿಟ್ಟು ಮಾಡಿದ್ದಾಳಂತೆ. ಇರಬಹುದು. ನಾನು ಮುಚ್ಚಳ ತೆಗೆಯದೆ ಮೇಲಿನ ಗೂಡಿನಲ್ಲಿಟ್ಟೆ. ಗಂಡಿನ ಮನೆಯ ಸಿಹಿ ಬಾಯಿಗಿಟ್ಟರೆ ನಮ್ಮಲ್ಲಿ ಒಪ್ಪಿದ ಹಾಗೆ. ಒಪ್ಪಿಗೆಯಾಗದಿದ್ದರೆ ನೀರು ಕುಡಿದು ಎದ್ದು ಬರಬೇಕು. ನನ್ನ ಅಪ್ಪ ಇವರ ಮನೆ ನೋಡಲು ಬಂದಾಗ ಬಸ್ಸು ತಪ್ಪಿ ಹದಿನಾರು ಗ್ರಾಮದಿಂದ ಬಿಸಿಲಲ್ಲಿ ನಡೆದು, ಹಸಿವು ತಡೆಯಲಾರದೆ ಎಲೆಯ ಮೇಲಿದ್ದ ಒಬ್ಬಟ್ಟು ತಿಂದುಬಿಟ್ಟರು. ನನ್ನ ಮದುವೆ ನಿಶ್ಚಯವಾದದ್ದು ಹಾಗೆ. ಈಗಲೂ ಇವರು ಒಬ್ಬಟ್ಟು ಕಂಡಾಗಲೆಲ್ಲ ನನ್ನ ಅಪ್ಪನನ್ನು ನೆನೆದು ಕೈ ಮುಗಿಯುತ್ತಾರೆ.

ಜೂನ್ 3, ಮಂಗಳವಾರ

ಆ ಮನುಷ್ಯನ ಪೂರ್ವಾಪರ ಕಳಿಸು ಎಂದಿದ್ದೆ. ಶ್ವೇತ ಯಾವುದೋ ವೆಬ್‌ಸೈಟಿನಿಂದ ಅವನ ಆಟದ ಬದುಕನ್ನೆಲ್ಲ ಕಳಿಸಿದ್ದಾಳೆ. ಓದಿದೆ. ಹುಟ್ಟಿದ ಊರಿನ ಸಣ್ಣ ಕ್ಲಬ್ಬಿಗೆ ಹುಡುಗನಾಗಿದ್ದಾಗಲೇ ಸೇರಿದ್ದಾನೆ. ಹೆಚ್ಚು ಕಡಿಮೆ ಅಲ್ಲೇ ಆಯುಸ್ಸು ಕಳೆದು ಕೊನೆಗೆ ಗೋವಾಕ್ಕೆ ಬಂದಿದ್ದಾನೆ. ಹದಿನೇಳು ವರ್ಷದ ಆಟ. ಹೊಡೆದ ಗೋಲು ನಾಲ್ಕು.

ನಾಲ್ಕು! ನನ್ನ ತರಗತಿಯಲ್ಲಿ ಹದಿನೇಳು ವರ್ಷ ಕೂತು ನಾಲ್ಕು ಅಕ್ಷರ ಕಲಿತಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇವರಿಗೆ ತೋರಿಸಿದೆ. "ಆಡ್ದೋನ್ಗೆ ಗೊತ್ತು ಬುಡು" ಎಂದು ಕನ್ನಡಕ ತೆಗೆದಿಟ್ಟರು.

ಜೂನ್ 6, ಶುಕ್ರವಾರ

ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿ ಬರುವುದನ್ನು ಹಿರಿಯರು ಸುಮ್ಮನೆ ಮಾಡಿಟ್ಟಿಲ್ಲ. ಮನೆಯೊಳಗೆ ಎಲ್ಲರೂ ನಗುನಗುತ್ತಾ ಕಾಫಿ ಕೊಡುತ್ತಾರೆ. ನಿಜ ಗೊತ್ತಾಗುವುದು ಹೊರಗೆ. ಡೈರಿಯ ಹತ್ತಿರ ಹಾಲಿಗೆ ನಿಂತವರನ್ನು ಕೇಳಬೇಕು, ಕ್ಷೌರದಂಗಡಿಯಲ್ಲಿ ಕೇಳಬೇಕು, ಪಕ್ಕದ ಮನೆಯ ಅಜ್ಜಿಯನ್ನು ಕೇಳಬೇಕು. ಅವನ ಊರಿನಲ್ಲಿ ನಾನು ಯಾವ ಅಜ್ಜಿಯನ್ನು ಕೇಳಲಿ?

ಅವನ ಬಣ್ಣ, ಜಾತಿ, ಕೊರಳಲ್ಲಿ ಲಿಂಗವಿಲ್ಲದ್ದು, ಇವೆಲ್ಲ ಇವರಣ್ಣ ಶಿವಸ್ವಾಮಿ ಬಾವ ಎತ್ತುವ ಮಾತು. ಇವರು ಮಠದಲ್ಲಿ ವಿಚಾರಿಸಿದರೆ, ಕೇಳಿ ಬಂದವರಿಗೆ ದೀಕ್ಷೆ ಇಲ್ಲ ಅನ್ನುವುದಿಲ್ಲ ಎಂದರಂತೆ. ನನಗೆ ಬೇಕಾದದ್ದು ಬೇರೆ. ಮಾತು ಬಾರದ ಊರಿನಲ್ಲಿ ನನ್ನ ಮಗಳಿಗೆ ಏನಾದರೂ ಎಡವಟ್ಟಾದರೆ ಇವನು ಪಕ್ಕದಲ್ಲಿ ನಿಲ್ಲುತ್ತಾನೋ, ಜಾಗ ಖಾಲಿ ಮಾಡುತ್ತಾನೋ? ಇಷ್ಟು ತಿಳಿದರೆ ಸಾಕು. ತಿಳಿಯುವುದು ಹೇಗೆ ಎಂದೇ ಗೊತ್ತಾಗುತ್ತಿಲ್ಲ.

ಊಟ ಸೇರುತ್ತಿಲ್ಲ. ಭಯವಾಗುತ್ತಿದೆ ಎಂದು ಇಲ್ಲಿ ಬರೆಯುವುದಕ್ಕೆ ಏನು ನಾಚಿಕೆ.

ಜೂನ್ 9, ಸೋಮವಾರ

ಬೆಳಿಗ್ಗೆ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋಗಿಬಂದೆ. ನಾನು ಅಲ್ಲಿ ಮುಖ್ಯೋಪಾಧ್ಯಾಯಿನಿ ಆಗಿದ್ದಾಗ ರವಿಚಂದ್ರ ನಮ್ಮ ಪಕ್ಕದ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರು. ಹಿಂದೆ ಮೈಸೂರಿನಲ್ಲಿ ಫುಟ್‌ಬಾಲ್ ಆಡಿದವರು. ಅಡಿಕೆ ವ್ಯಾಪಾರದವನ ಸಂಬಂಧ ಬಂದರೆ ಅಡಿಕೆ ಮಂಡಿಯಲ್ಲಿ ವಿಚಾರಿಸುವುದಿಲ್ಲವೇ, ಹಾಗೆ.

ವಿಷಯ ಕೇಳಿ ಅವರು ನಗಲಿಲ್ಲ. ಸಂಗಮದ ಕಡೆಯ ಜಗಲಿಯಲ್ಲಿ ಕೂರಿಸಿ, ಫೋನಿನಲ್ಲಿ ಅವನ ಆಟದ ತುಣುಕುಗಳನ್ನು ನೋಡಿದರು. ಇವನು ಸ್ಟಾಪರ್, ಹಿಂದೆ ನಿಂತು ತಡೆಯುವವನು, ಗೋಲು ಹೊಡೆಯುವುದು ಇವನ ಕೆಲಸವಲ್ಲ ಎಂದರು. ಕಾಫಿ ಲೋಟಗಳನ್ನು ಸಾಲಾಗಿಟ್ಟು, ಯಾರು ಎಲ್ಲಿ ನಿಲ್ಲುತ್ತಾರೆ, ಒಬ್ಬ ಮುಂದೆ ಹೋದರೆ ಇನ್ನೊಬ್ಬ ಹೇಗೆ ಅವನ ಜಾಗ ಕಾಯಬೇಕು ಎಂದು ಹೇಳಿಕೊಟ್ಟರು. ನಾನು ಒಂದು ಲೋಟ ತಪ್ಪು ಜಾಗಕ್ಕೆ ಸರಿಸಿದಾಗ, ನನ್ನ ಮಕ್ಕಳಿಗೆ ನಾನು ಹೇಳುತ್ತಿದ್ದ ದನಿಯಲ್ಲೇ "ಯೋಚ್ನೆ ಮಾಡಿ" ಎಂದರು.

ಹೊರಡುವಾಗ ಗೇಟಿನವರೆಗೆ ಬಂದು ಹೇಳಿದರು: "ಮೇಡಂ, ಎಲ್ರೂ ಚೆಂಡ್ ನೋಡ್ತಾರೆ. ನೀವು ಚೆಂಡ್ ಬುಟ್ಬುಡಿ. ಚೆಂಡು ದೂರ ಇದ್ದಾಗ ಅವ್ನೇನ್ ಮಾಡ್ತಾವ್ನೆ ಅದ್ನ ನೋಡಿ. ತುಣುಕು ನೋಡ್ಬೇಡಿ, ಇಡೀ ಆಟ ನೋಡಿ."

ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಾ ಬಂದೆ. ಮನೆ ನೋಡುವುದು ಎಂದರೂ ಇದೇ ತಾನೆ.

ಜೂನ್ 11, ಬುಧವಾರ

ಅವನ ಹಳೆಯ ಕ್ಲಬ್ಬಿನವರು ಹಿಂದಿನ ಆಟಗಳನ್ನೆಲ್ಲ ಯೂಟ್ಯೂಬಿಗೆ ಹಾಕಿದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಟಿವಿಯಲ್ಲಿ ನೋಡಿದೆ. ಮೊದಲ ಆಟ ಅರ್ಧಕ್ಕೆ ನಿದ್ದೆ ಬಂತು. ಎರಡನೆಯದನ್ನು ಪೂರ್ತಿ ನೋಡಿದೆ.

ಚೆಂಡು ಬಿಟ್ಟು ಅವನನ್ನೇ ನೋಡುವುದು ಸುಲಭವಲ್ಲ, ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಅಭ್ಯಾಸವಾದರೆ ಕಾಣುತ್ತದೆ. ಅವನು ಒಂದು ಕ್ಷಣ ಸುಮ್ಮನಿರುವುದಿಲ್ಲ. ಕೈ ತೋರಿಸುತ್ತಾನೆ, ಕೂಗುತ್ತಾನೆ, ಆ ಕಡೆಯವನನ್ನು ಈ ಕಡೆ ತಳ್ಳುತ್ತಾನೆ. ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಸಾಲು ಸರಿಮಾಡುವ ಮೇಷ್ಟ್ರ ಹಾಗೆ. ಚೆಂಡು ತನ್ನ ಹತ್ತಿರ ಬಂದರೆ ಅದನ್ನು ದೂರ ಒದ್ದು, ಮತ್ತೆ ಕೈ ತೋರಿಸಲು ನಿಲ್ಲುತ್ತಾನೆ.

ಇವರು ತೋಟದಿಂದ ಬಂದು, ಸಾರು ಮಾಡಿಲ್ಲವಾ ಎಂದರು. ಮಾಡಿರಲಿಲ್ಲ.

ಜೂನ್ 13, ಶುಕ್ರವಾರ

ಮುಗಿಯಿತು. ಇದು ಬೇಡ.

ಇವತ್ತಿನ ಆಟದಲ್ಲಿ ಎದುರು ತಂಡದ ಹುಡುಗನೊಬ್ಬ ಚೆಂಡು ತೆಗೆದುಕೊಂಡು ಓಡುತ್ತಿದ್ದ. ಇವನು ಹಿಂದಿನಿಂದ ಹೋಗಿ ಅವನ ಕಾಲಿಗೇ ಒದ್ದ. ಚೆಂಡು ಎಲ್ಲೋ, ಕಾಲು ಎಲ್ಲೋ. ಆ ಹುಡುಗ ಮೂರು ಪಲ್ಟಿ ಹೊಡೆದು ಬಿದ್ದ. ರೆಫ್ರಿ ಕೆಂಪು ಚೀಟಿ ತೋರಿಸಿ ಹೊರಗೆ ಕಳಿಸಿದ. ಕೈ ಕಾಲು ಬೀಸುವ ಮನುಷ್ಯ. ಹೊರಗೆ ಒದೆಯುವವನು ಮನೆಯೊಳಗೆ ಒದೆಯುವುದಿಲ್ಲ ಎಂದು ಏನು ಗ್ಯಾರಂಟಿ?

ಶ್ವೇತ ಫೋನ್ ಮಾಡಿದಳು. ಎತ್ತಲಿಲ್ಲ.

ಜೂನ್ 15, ಭಾನುವಾರ

ಒಂದು ಆಟ ನೋಡಿ ತೀರ್ಪು ಕೊಡುವುದು ಒಂದು ಪರೀಕ್ಷೆ ನೋಡಿ ಮಗುವನ್ನು ಫೇಲು ಮಾಡಿದ ಹಾಗಾಗುತ್ತದೆ ಎಂದು ಮತ್ತೆ ಕೂತೆ. ಕ್ಲಬ್ಬು ಮೊದಲ ಸಲ ದೊಡ್ಡ ದರ್ಜೆಗೆ ಏರಿದ ವರ್ಷದ ಕೊನೆಯ ಆಟ. ಸಮ ಮಾಡಿಕೊಂಡರೂ ಸಾಕು, ಆ ದರ್ಜೆಯಲ್ಲಿ ಉಳಿಯುತ್ತಾರೆ. ಊರಿಗೆ ಊರೇ ಬಂದು ಕೂತಿದೆ.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ. ಎಡಗಡೆಯಿಂದ ಚೆಂಡು ಬಂತು. ಇವನು ಎಲ್ಲಿಂದಲೋ ಓಡಿ ಬಂದು ಕಾಲು ಚಾಚಿದ. ತಗಲಿದ ಚೆಂಡು ನೆಟ್ಟಗೆ ತಮ್ಮದೇ ಗೋಲಿನೊಳಗೆ ಹೋಯಿತು. ಸೆಲ್ಫ್ ಗೋಲ್. ಅಷ್ಟು ಜನ ಒಟ್ಟಿಗೆ ಸುಮ್ಮನಾದದ್ದು ಟಿವಿಯಲ್ಲಿಯೂ ಕೇಳಿಸಿತು.

ನಾನು ನಿಲ್ಲಿಸಿ ಎದ್ದುಹೋಗಿ ನೀರು ಕುಡಿದು ಬಂದೆ. ಆಮೇಲೆ ಉಳಿದದ್ದು ನೋಡಿದೆ. ಗೋಲು ಕಾಯುವವನು ನೆಲದ ಮೇಲೆ ಮುಖ ಮುಚ್ಚಿಕೊಂಡಿದ್ದ. ಇವನು ಎದ್ದು, ಅವನನ್ನು ಹಿಡಿದೆತ್ತಿ, ಬೆನ್ನು ತಟ್ಟಿ ಜಾಗಕ್ಕೆ ಕಳಿಸಿದ. ಮತ್ತೆ ಕೈ ತೋರಿಸಲು ನಿಂತ! ಆಟ ಮುಗಿದು ಕ್ಲಬ್ಬು ಕೆಳಗಿಳಿಯಿತು. ಉಳಿದವರೆಲ್ಲ ತಲೆ ತಗ್ಗಿಸಿ ಒಳಗೆ ಓಡಿದರು. ಇವನೊಬ್ಬ ಮೈದಾನದ ಅಂಚಿಗೆ ಹೋಗಿ, ಬೈಯುತ್ತಿದ್ದ ತನ್ನ ಊರಿನವರ ಎದುರಿಗೆ ನಿಂತ. ನೀರಿನ ಬಾಟಲಿ ಬಂದು ಭುಜಕ್ಕೆ ಬಿತ್ತು. ಅಲ್ಲಾಡಲಿಲ್ಲ. ಅವರಿಗೆ ಬೈದು ಸಾಕಾಗುವ ತನಕ ನಿಂತಿದ್ದ.

ಮುಂದಿನ ವರ್ಷದ ಮೊದಲ ಆಟ ಹಾಕಿದೆ. ಸಣ್ಣ ಮೈದಾನ, ಮಳೆ, ಖಾಲಿ ಕುರ್ಚಿಗಳು. ಹಳೆಯ ಮುಖಗಳು ಹೆಚ್ಚಿಲ್ಲ. ತೋಳಿನ ನಾಯಕನ ಪಟ್ಟಿಯನ್ನು ಇವನಿಂದ ಬಿಡಿಸಿ ಇನ್ನೊಬ್ಬನಿಗೆ ಕಟ್ಟಿದ್ದಾರೆ. ಇವನು ಅದೇ ಜಾಗದಲ್ಲಿ ನಿಂತು ಅದೇ ಥರ ಕೈ ತೋರಿಸುತ್ತಿದ್ದಾನೆ. ಶ್ವೇತಳನ್ನು ಕೇಳಿದೆ. ಆ ಬೇಸಿಗೆಯಲ್ಲಿ ದೊಡ್ಡ ಊರಿನ ಕ್ಲಬ್ಬೊಂದು ಕರೆದಿತ್ತಂತೆ, ಹೋಗಲಿಲ್ಲವಂತೆ. ಯಾಕೆ ಎಂದರೆ, "ಕೆಡಿಸಿದ್ದು ನಾನು, ಬಿಟ್ಟು ಹೋಗೋದು ಹೇಗೆ ಅಂದ್ರಮ್ಮ" ಎಂದಳು.

ಜೂನ್ 17, ಮಂಗಳವಾರ

ಮಿಠಾಯಿ ಡಬ್ಬಿಗೆ ಇರುವೆ ಹತ್ತಲು ನೋಡುತ್ತಿವೆ. ತಟ್ಟೆಗೆ ನೀರು ಹಾಕಿ ನಡುವೆ ಇಟ್ಟೆ. ಇವರು "ಒಂಚೂರ್ ರುಚಿ ನೋಡದೇನ್ ತಪ್ಪು" ಎಂದರು. ಮೊದಲೇ ಸಕ್ಕರೆ ಕಾಯಿಲೆ. ನಿಮ್ಮಪ್ಪನ ಮನೆಯ ಒಬ್ಬಟ್ಟಲ್ಲ ಅದು ಎಂದೆ.

ಜೂನ್ 19, ಗುರುವಾರ

ಶಿವಸ್ವಾಮಿ ಬಾವನಿಗೆ ಸುದ್ದಿ ಹೋಗಿದೆ. ಭಾನುವಾರ ಬರುತ್ತಾರಂತೆ, ಅವನನ್ನೂ ಕರೆಸಿ ಎಂದರು. ಒಳ್ಳೆಯದು, ಎಲ್ಲರೂ ನೋಡಿದ ಹಾಗಾಗುತ್ತದೆ. ಉಪ್ಪಿಟ್ಟು ಕಾಫಿ ಅಷ್ಟೇ, ಹೆಚ್ಚು ಉಪಚಾರ ಬೇಡ ಎಂದು ತೀರ್ಮಾನಿಸಿದ್ದೇನೆ. ಚಾಪೆಯ ಮೇಲೆ ಕೂರಲು ಆ ಮಂಡಿಗೆ ಆಗುವುದಿಲ್ಲ. ಎದುರು ಮನೆಯ ಪವಿತ್ರಾ ಹತ್ತಿರ ಎತ್ತರದ ಕುರ್ಚಿ ಕೇಳಿಟ್ಟಿದ್ದೇನೆ. ಯಾರೇ ಬಂದರೂ ಅಷ್ಟು ಮಾಡುತ್ತೇವೆ.

ರವಿಚಂದ್ರ ಮೇಷ್ಟ್ರಿಗೆ ಫೋನ್ ಮಾಡಿದೆ. ಆ ಸೆಲ್ಫ್ ಗೋಲಿನಲ್ಲಿ ಬಲಗಡೆಯವನು ಜಾಗ ಬಿಟ್ಟು ಮುಂದೆ ಹೋಗಿದ್ದನಲ್ಲ, ತಪ್ಪು ಅವನದೇ ತಾನೆ ಎಂದೆ. ಅವರು ಆ ತುಣುಕು ಹುಡುಕಿ ನೋಡಿದರು. ಆಮೇಲೆ ನೂರಕ್ಕೆ ನೂರು ಮೇಡಂ ಎಂದರು.

ಜೂನ್ 22, ಭಾನುವಾರ

ಬರೆಯುವುದು ಬೇಕಾದಷ್ಟಿದೆ, ಕೈ ನೋಯುತ್ತಿದೆ. ಆದರೂ ಬರೆಯುತ್ತೇನೆ.

ಬಾವ ಮೊದಲೇ ಬಂದು ಕೂತಿದ್ದರು, ಶ್ವೇತ ಅವನನ್ನು ಕರೆದುಕೊಂಡು ಹನ್ನೊಂದಕ್ಕೆ ಬಂದಳು. ಟಿವಿಯಲ್ಲಿ ಕಂಡದ್ದಕ್ಕಿಂತ ಎತ್ತರ, ತಲೆ ಬಗ್ಗಿಸಿ ಒಳಗೆ ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ತಡವರಿಸುತ್ತಾ "ನಮಸ್ಕಾರ ಅಮ್ಮ, ಊಟ ಆಯ್ತಾ?" ಎಂದ. ಬೆಳಿಗ್ಗೆ ಹನ್ನೊಂದಕ್ಕೆ! ಶ್ವೇತ ಕಲಿಸಿದ್ದು ಅಷ್ಟೇ ಇರಬೇಕು. ಕುರ್ಚಿ ತೋರಿಸಿದೆ. ಅದನ್ನು ನೋಡಿ, ತನ್ನ ಮಂಡಿ ನೋಡಿ, ನನ್ನ ಮುಖ ನೋಡಿದ. ನಾನು ಅಡುಗೆಮನೆಗೆ ಹೋದೆ. ಇವರು ತೋಟದ ರಸಬಾಳೆ ಕೊಟ್ಟರು. ತಿಂದು, ಸಿಪ್ಪೆ ಎಲ್ಲಿ ಹಾಕುವುದು ಎಂದು ತಾನೇ ಎದ್ದು ಹುಡುಕಿಕೊಂಡು ಬಂದ.

ಕೇಳಬೇಕಾದದ್ದನ್ನು ನಾನು ಮೊದಲೇ ಕೇಳಿದೆ. ಆ ದಿನ ಆ ಹುಡುಗನ ಕಾಲಿಗೆ ಒದ್ದೆಯಲ್ಲ, ಯಾಕೆ? ಶ್ವೇತ ಬಾಯಿ ಬಿಟ್ಟುಕೊಂಡು ನಿಂತಳು. ಹೇಳು ಅವನಿಗೆ ಎಂದೆ, ಹೇಳಿದಳು. ಅವನ ಕಿವಿ ಕೆಂಪಾದವು. ಅವಳು ತಿರುಗಿಸಿ ಹೇಳಿದಳು: "ಆ ಹುಡುಗ ತನಗಿಂತ ಜೋರಾಗಿ ಓಡ್ತಿದ್ನಂತೆ. ವಯಸ್ಸಾಯ್ತು ಅಂತ ಒಪ್ಕೊಳಕ್ಕೆ ಆಗ್ಲಿಲ್ವಂತೆ. ಮಾರ್ನೇ ದಿನ ಆಸ್ಪತ್ರೆಗೆ ಹೋಗಿ ಅವನ್ನ ನೋಡಿದ್ರಂತೆ, ಅವನು ಮುಖ ತಿರುಗಿಸಿಕೊಂಡ್ನಂತೆ." ಹೋಗಿ ನೋಡಿದೆ ಎಂದಷ್ಟೇ ಹೇಳಿ ನಿಲ್ಲಿಸಬಹುದಿತ್ತು. ಮುಖ ತಿರುಗಿಸಿದ್ದನ್ನೂ ಹೇಳಿದ.

ಅಷ್ಟರಲ್ಲಿ ಶಿವಸ್ವಾಮಿ ಬಾವ ಜೇಬಿನಿಂದ ಫೋನ್ ತೆಗೆದರು. ಯಾರೋ ಕಳಿಸಿದ್ದಾರೆ, ಅದೇ ಸೆಲ್ಫ್ ಗೋಲು. ನಗುವ ಬೊಂಬೆಗಳನ್ನು ಅಂಟಿಸಿ ಮತ್ತೆ ಮತ್ತೆ ಬರುವ ಹಾಗೆ ಮಾಡಿದ್ದಾರೆ. ಇವರ ಮುಂದೆ ಹಿಡಿದು ತೋರಿಸಿದರು.

"ತನ್ ಮನೆಗೇ ತಾನ್ ಗೋಲ್ ಒಡ್ದವ್ನೆ. ಇಂತೋನ್ಗೆ ಎಣ್ಣು ಕೊಡದಾ ಬಸವಯ್ಯ?"

ಆ ಫೋನಿನ ಗದ್ದಲ ಕೇಳಿಯೇ ಅವನಿಗೆ ಯಾವ ಆಟವೆಂದು ಗೊತ್ತಾಯಿತು. ತಲೆ ಎತ್ತಿ ಬಾವನಿಗೆ ಏನೋ ಹೇಳಿದ. ಶ್ವೇತಳ ಕಣ್ಣು ತುಂಬಿತ್ತು. "ಹೌದು, ಅದು ನಾನೇ, ತಪ್ಪೂ ನಂದೇ ಅಂತಿದಾರೆ ದೊಡ್ಡಪ್ಪ" ಎಂದಳು.

ನಾನು ಕೈ ಒರೆಸಿಕೊಂಡು ಹೊರಗೆ ಬಂದೆ. "ಬಾವ, ಆ ಫೋನ್ ಕೊಡಿ ಇಲ್ಲಿ" ಎಂದೆ. ಚೆಂಡು ಎಡಗಡೆ ಇರುವಲ್ಲಿಗೆ ತಂದು ನಿಲ್ಲಿಸಿದೆ.

"ಇಲ್ಲಿ ನೋಡಿ. ಈ ಬಿಳಿ ಅಂಗಿಯವನು ಹಿಂದೆ ಕಾಯ್ತಾ ನಿಂತಿದಾನೆ. ಚೆಂಡು ಬಿಟ್ಟಿದ್ರೆ ಹೇಗಿದ್ರೂ ಗೋಲೇ. ನಮ್ಮೋರು ಮೂರು ಜನ ನಿಂತ್ಕೊಂಡು ನೋಡ್ತಿದಾರೆ. ಓಡಿ ಬಂದು ಕಾಲು ಕೊಟ್ಟಿದ್ದು ಇವನೊಬ್ಬ. ದೂರ ನಿಂತೋರ ಕಾಲಿಗೆ ಯಾವ ಚೆಂಡೂ ತಗಲಲ್ಲ ಬಾವ."

ಬಾವ ಫೋನನ್ನು ಹತ್ತಿರ ಹಿಡಿದು ಇನ್ನೊಂದು ಸಲ ನೋಡಿದರು. ಆಮೇಲೆ, ಮುಂದಕ್ಕೆ ಏನಾಯಿತು ಎಂದು ಕೇಳಿದರು. ಹೇಳದೆ ಇರಲಾಗುತ್ತದೆಯೇ? ಊರಿನವರ ಮುಂದೆ ನಿಂತದ್ದು, ಪಟ್ಟಿ ಕಿತ್ತುಕೊಂಡದ್ದು, ಮಳೆಯ ಆಟ, ಈ ವಾರವೆಲ್ಲ ಕೂತು ನೋಡಿದ ಹಾಗೆ ಮೂರು ವರ್ಷ ಪಟ್ಟು ಹಿಡಿದು ಕ್ಲಬ್ಬನ್ನು ಮತ್ತೆ ಮೇಲಕ್ಕೆ ತಂದದ್ದು, ಪಟ್ಟಿ ಮತ್ತೆ ಆ ತೋಳಿಗೇ ಬಂದದ್ದು, ಎಲ್ಲ ಹೇಳಿದೆ. ನಾಲ್ಕು ಗೋಲು ಅಷ್ಟೇನಾ ಎಂದರು ಬಾವ. ನಾಲ್ಕು ಹೊಡೆದದ್ದೇ ಹೆಚ್ಚು, ಅವನ ಕೆಲಸ ತಡೆಯುವುದು ಎಂದೆ. ಉಪ್ಪಿಟ್ಟು ಆರಿಹೋಯಿತು. ಅವನಿಗೆ ಒಂದು ಅಕ್ಷರ ತಿಳಿಯಲಿಲ್ಲ, ಆದರೂ ಕುರ್ಚಿಯ ಅಂಚಿಗೆ ಬಂದು ನನ್ನನ್ನೇ ನೋಡುತ್ತಾ ಕೂತಿದ್ದ. ನಾನು ಮಾತಾಡುವಾಗ ಕೈಯಲ್ಲಿ ಆ ಕಡೆ ಈ ಕಡೆ ತೋರಿಸುತ್ತಿದ್ದೆನಂತೆ, ಇವರು ಆಮೇಲೆ ಹೇಳಿದರು.

ಬಾವ ಹೊರಡುವಾಗ, "ನೀನ್ ನೋಡ್ಬುಟ್ಟಿದ್ದೀಯಲ್ಲವ್ವ ಮಂಗಳ, ನಾವೇನ್ ಹೇಳದು" ಎಂದರು. ನಾನು ಒಪ್ಪಿದ್ದೇನೆ ಎಂದು ಅವರು ತಿಳಿದ ಹಾಗಿದೆ. ಒಪ್ಪಿದೆ ಎಂದು ನಾನು ಎಲ್ಲಿ ಹೇಳಿದೆ? ತಪ್ಪು ಓದಿದವರನ್ನು ತಿದ್ದುವುದು ಮೇಷ್ಟ್ರುಗಳ ಹಳೆಯ ಚಾಳಿ, ಅಷ್ಟೇ. ಯೋಚನೆ ಮಾಡಲು ಇನ್ನೂ ಮೂರು ದಿನ ಇದೆ.

ಜೂನ್ 24, ಮಂಗಳವಾರ

ನಾಳೆ ಅಮಾವಾಸ್ಯೆ, ನಾಡಿದ್ದು ಆಷಾಢ. ಶ್ವೇತ ಬೆಳಿಗ್ಗೆ ಫೋನ್ ಮಾಡಿ ಏನು ಹೇಳ್ತೀಯಮ್ಮ ಎಂದಳು. ಅವಸರ ಮಾಡಬೇಡ, ಸಂಜೆ ಹೇಳುತ್ತೇನೆ ಎಂದೆ. ಅವನ ಮಂಡಿಗೆ ಬಿಸಿ ಎಳ್ಳೆಣ್ಣೆ ಹಚ್ಚುತ್ತೀಯೋ ಇಲ್ಲವೋ ಎಂದು ಕೇಳಿದೆ. ಅದನ್ನು ಓದಿದವಳು ನಾನು ಎಂದು ನಕ್ಕಳು. ಓದಿದವರಿಗೆ ಎಳ್ಳೆಣ್ಣೆ ಗೊತ್ತಿರುವುದಿಲ್ಲ.

ಮಧ್ಯಾಹ್ನ ಕಾಫಿಗೆ ಬಾಯಾಡಲು ಏನೂ ಇರಲಿಲ್ಲ. ನೀರಿನ ತಟ್ಟೆಯಿಂದ ಡಬ್ಬಿ ಎತ್ತಿ ಮುಚ್ಚಳ ತೆಗೆದೆ. ಕಲ್ಲು! ಹಲ್ಲಿಗೆ ಬಗ್ಗುವುದಿಲ್ಲ, ಕುಟ್ಟಾಣಿಯಲ್ಲಿ ಹಾಕಿ ಕುಟ್ಟಬೇಕಾಯಿತು. ಸದ್ದಿಗೆ ಇವರು ಎದ್ದು ಬಂದು ಬಾಗಿಲಲ್ಲಿ ನಿಂತರು. ನನ್ನನ್ನು ನೋಡಿದರು, ಡಬ್ಬಿ ನೋಡಿದರು. ಎರಡೂ ಕೈ ಜೋಡಿಸಿ ಮುಗಿದರು. ಯಾಕೆ ಎಂದು ಅರ್ಥವಾಗಲಿಲ್ಲ. ಚೂರು ಮುರಿದು ಕೈಗೆ ಹಾಕಿದೆ, ತಿಂದರು.

ರುಚಿ ಇದೆ. ಬಾದಾಮಿ ಹದವಾಗಿ ಹುರಿದಿದ್ದಾಳೆ. ಪಾಕ ಮಾತ್ರ ಮೀರಿದೆ, ಮೊಟ್ಟೆ ಬಿಟ್ಟು ಮಾಡಿ ಅಭ್ಯಾಸವಿಲ್ಲ ಪಾಪ. ಎಳೆ ಪಾಕಕ್ಕೇ ಇಳಿಸಬೇಕು ಎಂದು ನಮ್ಮ ಬೀಗಿತ್ತಿಗೆ ಹೇಳಿಕೊಡಬೇಕು.